ಹಳದಿ ಬಿದ್ದ ಹಳೇ ಕಂಪ್ಯೂಟರ್: ಕಲಬುರಗಿ ಬಿಸಿಲಲ್ಲಿ ಬೆಳ್ಳಗೆ ಮಾಡಬಹುದಾ?

ಬಿಸಿಲೂರು
ಎಲ್ಲರಿಗೂ ನಮಸ್ಕಾರ. ಕಲಬುರಗಿಯಿಂದ ಬರೀತಿದ್ದೀನಿ. ನಮ್ಮ ಕಾಕಾ ತೊಂಬತ್ತರ ದಶಕದಲ್ಲಿ ಸೂಪರ್ ಮಾರ್ಕೆಟ್ ಹತ್ತಿರ ಡಿಟಿಪಿ (ಕಂಪ್ಯೂಟರಲ್ಲಿ ಅಕ್ಷರ ಜೋಡಿಸೋ) ಅಂಗಡಿ ನಡೆಸುತ್ತಿದ್ದರು. ಲಗ್ನಪತ್ರಿಕೆ, ಕರಪತ್ರ, ಶಾಲೆಗಳ ಪ್ರಶ್ನೆಪತ್ರಿಕೆ, ಎಲ್ಲಾ ಅಲ್ಲೇ ಆಗ್ತಿತ್ತು. ಅಂಗಡಿ ಮುಚ್ಚಿ ಕಾಲ ಆಯ್ತು. ಈಗ ಮನೆಗೆ ಬಣ್ಣ ಹಚ್ಚಿಸುವಾಗ ಅಟ್ಟದಿಂದ ಅವರ 486 ಪಿಸಿ (486 ಅನ್ನೋ ಹಳೇ ಚಿಪ್ ಇರೋ ಕಂಪ್ಯೂಟರ್) ಕೆಳಗೆ ಬಂತು. ಜೊತೆಗೆ ಕೀಬೋರ್ಡ್, ದೊಡ್ಡ ಡಬ್ಬಾ ಮಾನಿಟರ್.

ಸಮಸ್ಯೆ ಏನಂದ್ರೆ ಬಣ್ಣ. ಫ್ಲಾಪಿ ಡ್ರೈವ್ ಮುಖ ಇನ್ನೂ ಕೆನೆ ಬಣ್ಣದಲ್ಲೇ ಇದೆ. ಅದರ ಮೇಲಿನ ಸಿಡಿ ಡ್ರೈವ್ ಮಾತ್ರ ಬೆಲ್ಲದ ಬಣ್ಣಕ್ಕೆ ತಿರುಗಿದೆ. ಮುಂದಿನ ಪ್ಲಾಸ್ಟಿಕ್ ಚೌಕಟ್ಟು ಎರಡರ ನಡುವೆ. ಅವ್ವ ಸಬೀನಾ ಹಾಕಿ ತಿಕ್ಕಿದರು. ಧೂಳು ಹೋಯ್ತು, ಹಳದಿ ಹೋಗಲಿಲ್ಲ.

ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗೆ ಇಟ್ಟರೆ ಹೊಸದರ ಹಾಗೆ ಆಗುತ್ತೆ ಅಂತ ವಿಡಿಯೋಗಳಲ್ಲಿ ತೋರಿಸ್ತಾರೆ. ಬಿಸಿಲಿಗೆ ನಮ್ಮಲ್ಲಿ ಬರ ಇಲ್ಲ, ಈಗ ಮೇ ತಿಂಗಳು ಬೇರೆ. ಮಾಳಿಗೆ ಮೇಲೆ ಇಡಲಾ? ಪೆರಾಕ್ಸೈಡ್ ಇಲ್ಲಿ ಎಲ್ಲಿ ಸಿಗುತ್ತೆ? ಮಾಡಿದವರು ಯಾರಾದ್ರೂ ಇದ್ದೀರಾ?

ಯಾದಗಿರಿ_ಗುಡ್ಡ
ಮಾಡಬೇಡಿ. ಮೇ ತಿಂಗಳಲ್ಲಂತೂ ಬೇಡವೇ ಬೇಡ.

ಬಿಸಿಲೂರು
ಯಾಕ್ರೀ? ಕಾರಣ ಹೇಳಿ.

ಯಾದಗಿರಿ_ಗುಡ್ಡ
ನಿಮ್ಮ ಮಾಳಿಗೆ ಮೇಲೆ ಶಹಾಬಾದ್ ಪರಸಿ ಹಾಸಿರಬೇಕಲ್ವಾ? ಮಧ್ಯಾಹ್ನ ಅದರ ಮೇಲೆ ಬರಿಗಾಲಲ್ಲಿ ನಿಂತು ನೋಡಿ, ಆಮೇಲೆ ಕೇಳಿ. ಗಾಳಿಯೇ 43 ಡಿಗ್ರಿ ಇರುವಾಗ ಕಲ್ಲು ಎಷ್ಟಿರಬೇಡ. ನನ್ನ ದೋಸ್ತ ಒಬ್ಬ ಕೀಬೋರ್ಡಿನ ಮೇಲ್ಭಾಗವನ್ನು ನೇರ ಪರಸಿ ಮೇಲೆ ಇಟ್ಟು ಊಟಕ್ಕೆ ಹೋದ. ಬಂದು ನೋಡಿದರೆ ಅದು ಬಾಗಿ ಡೊಂಕಾಗಿತ್ತು. ಬೆಳ್ಳಗೆ ಆಗಿತ್ತು, ಆದರೆ ಕೆಳಗಿನ ಭಾಗಕ್ಕೆ ಕೂಡಲೇ ಇಲ್ಲ.

ಹುಬ್ಬಳ್ಳಿ_ಹೈದ
ಈ ಡಬ್ಬಾಗಳ ಎಬಿಎಸ್ ಪ್ಲಾಸ್ಟಿಕ್ ಮೆತ್ತಗಾಗೋದು 100 ಡಿಗ್ರಿ ಸುತ್ತಮುತ್ತ. ಕಲ್ಲು 60 ಡಿಗ್ರಿ ಇದೆ ಅಂದ್ಕೊಂಡರೂ ಹೇಗೆ ಡೊಂಕಾಗುತ್ತೆ? ಸುಮ್ನೆ ಹೆದರಿಸಬೇಡಿ.

ಯಾದಗಿರಿ_ಗುಡ್ಡ
ಕಣ್ಣಾರೆ ನೋಡಿದ್ದು ಹೇಳ್ತಿದ್ದೀನಿ ಅಣ್ಣಾ. ಅದರ ಮೇಲೆ ಕಲ್ಲು ಹೇರಿದ್ದ, ಗಾಳಿಗೆ ಹಾರದಿರಲಿ ಅಂತ.

ಹುಬ್ಬಳ್ಳಿ_ಹೈದ
ಹಾಂ, ಕಲ್ಲು ಹೇರಿದ್ದನ್ನ ಮೊದಲೇ ಹೇಳಬೇಕಿತ್ತು 😄

ಕೆಮಿಸ್ಟ್ರಿ_ಮಾಸ್ತರ್
ಇಬ್ಬರೂ ಸರಿ. ತೆಳುವಾದ ಅಗಲ ಪ್ಲಾಸ್ಟಿಕ್ ಮೇಲೆ ಭಾರ ಇದ್ದರೆ, ಒಂದು ಕಡೆ ಬಿಸಿ ಒಂದು ಕಡೆ ತಣ್ಣಗೆ ಇದ್ದರೆ, 100ಕ್ಕೆ ಮುಂಚೆಯೇ ಆಕಾರ ಕೆಡಬಹುದು. ಕಲ್ಲಿನ ಮೇಲೆ ಇಡಲೇಬೇಡಿ. ಹೊರಸಿನ ಮೇಲೆ ಇಡಿ, ಕೆಳಗಿಂದ ಗಾಳಿ ಆಡುತ್ತೆ.

ಈಗ ಹಳದಿ ಯಾಕೆ ಆಗುತ್ತೆ ಅನ್ನೋದು. ಎಬಿಎಸ್ ಅಂದರೆ ಅಕ್ರಿಲೋನೈಟ್ರೈಲ್, ಬ್ಯುಟಾಡೀನ್, ಸ್ಟೈರೀನ್ ಮೂರೂ ಸೇರಿದ ಪ್ಲಾಸ್ಟಿಕ್. ಬ್ಯುಟಾಡೀನ್ ರಬ್ಬರಿನಂಥ ಭಾಗ. ಬಿದ್ದರೂ ಪ್ಲಾಸ್ಟಿಕ್ ಒಡೆಯದ ಹಾಗೆ ನೋಡಿಕೊಳ್ಳೋದು ಅದೇ. ಅದರಲ್ಲಿ ಜೋಡಿಬಂಧಗಳಿವೆ. ಬಿಸಿ ಮತ್ತು ನೇರಳಾತೀತ ಕಿರಣ ಸಿಕ್ಕರೆ ಗಾಳಿಯ ಆಮ್ಲಜನಕ ಅಲ್ಲಿ ಹೋಗಿ ಕೂರುತ್ತೆ. ಹಳದಿ ಕಾಣುವ ರಚನೆಗಳು ಹುಟ್ಟೋದು ಹಾಗೆ. ಬೆಂಕಿ ಹತ್ತದಿರಲಿ ಅಂತ ಆಗ ಪ್ಲಾಸ್ಟಿಕ್‌ಗೆ ಬ್ರೋಮಿನ್ ಇರುವ ವಸ್ತು ಬೆರೆಸುತ್ತಿದ್ದರು. ಎಲ್ಲರೂ ತಪ್ಪನ್ನೆಲ್ಲ ಅದರ ಮೇಲೆ ಹಾಕ್ತಾರೆ. ಅದು ಪೂರ್ತಿ ಕಥೆ ಅಲ್ಲ. ಯಾವ ಕಂಪನಿ, ಯಾವ ಬ್ಯಾಚು, ಏನು ಬೆರೆಸಿದ್ದರು, ಎಲ್ಲಾ ಲೆಕ್ಕಕ್ಕೆ ಬರುತ್ತೆ. ಅದಕ್ಕೇ ನಿಮ್ಮ ಫ್ಲಾಪಿ ಡ್ರೈವ್ ಒಂದು ಬಣ್ಣ, ಸಿಡಿ ಡ್ರೈವ್ ಇನ್ನೊಂದು ಬಣ್ಣ. ಸೂಪರ್ ನಿಂಟೆಂಡೋ ಗೇಮ್ ಡಬ್ಬಿ ನೋಡಿದವರಿಗೆ ಗೊತ್ತಿರುತ್ತೆ. ಒಂದೇ ಡಬ್ಬಿ, ಮೇಲಿನ ಅರ್ಧ ಹಳದಿ, ಕೆಳಗಿನ ಅರ್ಧ ಬೂದು.

ಪೆರಾಕ್ಸೈಡ್ ಮಾಡೋದು ಆ ಹಳದಿ ರಚನೆಗಳನ್ನು ಮುರಿಯೋದು. ಅದು ಕೊಳೆ ಅಲ್ಲ, ಹಾಗಾಗಿ ತಿಕ್ಕಿದರೆ ಹೋಗಲ್ಲ. ತಾಯಿಯವರಿಗೆ ತಿಳಿಸಿ, ಅವರ ಕೈ ನೋವಾಗಿದ್ದೇ ಬಂತು.

ಬಿಸಿಲೂರು
ಧನ್ಯವಾದ ಸರ್. ಅವ್ವನಿಗೆ ಓದಿ ಹೇಳಿದೆ. "ಹಂಗಾದ್ರೆ ಉಜಾಲಾದಾಗ ಅದ್ದು" ಅಂದರು.

ಸುಮ್ನೆ_ಓದುಗ
ಉಜಾಲಾ 😂😂 ಪೀತಾಂಬರಿ ಬಿಟ್ಟಿದ್ದಾರಲ್ಲ, ಅದೇ ಪುಣ್ಯ.

ಪಾರ್ಲರ್_ಅಕ್ಕ
ಪೆರಾಕ್ಸೈಡ್ ಬಗ್ಗೆ ನಾನು ಹೇಳ್ತೀನಿ, ದಿನಾ ಕೈಯಲ್ಲಿ ಹಿಡಿಯೋದು ಅದನ್ನೇ. ಕಾಸ್ಮೆಟಿಕ್ ಹೋಲ್‌ಸೇಲ್ ಅಂಗಡಿಗೆ ಹೋಗಿ "ಡೆವಲಪರ್ ಕ್ರೀಮ್" ಅಂತ ಕೇಳಿ. ಹೇರ್ ಕಲರ್ ಬೇಡ, ಬ್ಲೀಚ್ ಪುಡಿ ಬೇಡ, ಬರೀ ಡೆವಲಪರ್. ಡಬ್ಬಿ ಮೇಲೆ ವಾಲ್ಯೂಮ್ ಬರೆದಿರುತ್ತೆ. 20 ಅಂದರೆ 6%, 30 ಅಂದರೆ 9%, 40 ಅಂದರೆ 12%. ಕಂಪ್ಯೂಟರಿನವರು ಸಾಮಾನ್ಯವಾಗಿ 40 ತಗೊಂಡು ಹೋಗ್ತಾರೆ. ಯಾಕಣ್ಣಾ ಇಷ್ಟು ಸ್ಟ್ರಾಂಗು ಅಂತ ನಾನೇ ಒಬ್ಬರನ್ನು ಕೇಳಿದ್ದೆ.

ಗ್ಲೌಸ್ ಇಲ್ಲದೆ ಮುಟ್ಟಬೇಡಿ. 40 ವಾಲ್ಯೂಮ್ ಚರ್ಮಕ್ಕೆ ತಾಗಿದರೆ ಬೆರಳ ತುದಿ ಬೆಳ್ಳಗಾಗಿ ಚುರುಚುರು ಉರಿಯುತ್ತೆ. ತಕ್ಷಣ ನೀರಲ್ಲಿ ತೊಳೀರಿ. ಕಣ್ಣಿಗೆ ಕನ್ನಡಕ ಇರಲಿ. ಮಕ್ಕಳ ಕೈಗೆ ಸಿಗಬಾರದು.

ಬಿಸಿಲೂರು
ಅಕ್ಕಾರೆ, ಮೆಡಿಕಲ್‌ನಲ್ಲಿ ಸಿಗೋ ಪೆರಾಕ್ಸೈಡ್ ನಡೆಯಲ್ವಾ? ಗಾಯಕ್ಕೆ ಹಚ್ಚೋದು.

ಪಾರ್ಲರ್_ಅಕ್ಕ
ನಡೆಯುತ್ತೆ. ಅದೂ 6% ಅಂತಲೇ ಸಿಗುತ್ತೆ, ನೀರಿನ ಹಾಗಿರುತ್ತೆ. ಹಚ್ಚೋಕೆ ಬರಲ್ಲ, ಅದ್ದಬೇಕು. ಒಂದು ಪೂರ್ತಿ ಕಂಪ್ಯೂಟರ್ ಮುಖ ಅದ್ದೋಕೆ ಎಷ್ಟು ಬಾಟಲಿ ಬೇಕು ಅಂತ ನೀವೇ ಲೆಕ್ಕ ಹಾಕಿ. ಕೊಳ್ಳುವಾಗ ತಾರೀಖು ನೋಡಿ. ಹಳೇ ಬಾಟಲಿ ಅಂದರೆ ಬರೀ ನೀರು.

ಕೆಮಿಸ್ಟ್ರಿ_ಮಾಸ್ತರ್
ಜೀವ ಇದೆಯಾ ಅಂತ ನೋಡೋಕೆ ಸುಲಭ ದಾರಿ: ಹಸಿ ಆಲೂಗಡ್ಡೆ ಹೋಳಿನ ಮೇಲೆ ಒಂದು ಹನಿ ಹಾಕಿ. ಬುಸುಬುಸು ನೊರೆ ಬಂದರೆ ಸರಿ. ಬರದಿದ್ದರೆ ಅಂಗಡಿಗೆ ವಾಪಸ್.

ವಾಲ್ಯೂಮ್ ಅಂದರೆ ಏನು ಅಂತ ಪಾಠ ಮಾಡುವಾಗ ಹುಡುಗರು ಕೇಳ್ತಾರೆ. 1 ಲೀಟರ್ ದ್ರಾವಣ ಒಡೆದಾಗ 40 ಲೀಟರ್ ಆಮ್ಲಜನಕ ಬಂದರೆ ಅದು 40 ವಾಲ್ಯೂಮ್. ಈ ಲೆಕ್ಕ ಬರೀ ಪರೀಕ್ಷೆಗಲ್ಲ. ಪೆರಾಕ್ಸೈಡ್ ಹಾಕಿದ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ ಬಿಸಿಲಿಗೆ ಇಟ್ಟರೆ ಅಷ್ಟು ಗಾಳಿ ಎಲ್ಲಿ ಹೋಗಬೇಕು? ಮುಚ್ಚಳ ಸಡಿಲ ಇರಲಿ. ಮತ್ತೆ, ಪೆರಾಕ್ಸೈಡ್ ಜೊತೆ ಬೇರೆ ಏನನ್ನೂ ಬೆರೆಸಬೇಡಿ. ವಿನೆಗರ್ ಬೇಡ, ಟಾಯ್ಲೆಟ್ ಬ್ಲೀಚ್ ಬೇಡ, ಉಗುರುಬಣ್ಣ ತೆಗೆಯೋ ಅಸಿಟೋನ್ ಬೇಡವೇ ಬೇಡ. ಅಸಿಟೋನ್ ಒಂದೇ ಹಚ್ಚಿದರೂ ಎಬಿಎಸ್ ಕರಗುತ್ತೆ.

ವಾಡಿ_ಜಂಕ್ಷನ್
ಇಂಡಸ್ಟ್ರಿಗೆ ಬರೋ 50% ಪೆರಾಕ್ಸೈಡ್ ಕ್ಯಾನಲ್ಲಿ ಸಿಗುತ್ತಲ್ಲ, ಅದನ್ನೇ ತಂದರೆ ಅಗ್ಗ ಆಗಲ್ವಾ?

ಕೆಮಿಸ್ಟ್ರಿ_ಮಾಸ್ತರ್
ಬೇಡ. ಅದನ್ನು ಮನೆಗೆ ತರೋ ವಿಚಾರ ಬಿಡಿ. ಚರ್ಮ ಸುಡುತ್ತೆ, ಬಟ್ಟೆ ಕಟ್ಟಿಗೆ ಮೇಲೆ ಚೆಲ್ಲಿದರೆ ಬೆಂಕಿ ಹತ್ತಬಹುದು.

ಬೆಸುಗೆ_ಬೀದರ್
ಇಡೀ ಎಳೆಯಲ್ಲಿ ಯಾರೂ ಮುಖ್ಯ ವಿಷಯಕ್ಕೆ ಬಂದಿಲ್ಲ. ಬಾಡಿ ಆಮೇಲೆ ಬೆಳ್ಳಗೆ ಮಾಡೋಣ, ಮೊದಲು ಡಬ್ಬಾ ಬಿಚ್ಚಿ ಮದರ್‌ಬೋರ್ಡ್ ನೋಡಿ. 386, 486 ಬೋರ್ಡುಗಳಲ್ಲಿ ಕೀಬೋರ್ಡ್ ಸಾಕೆಟ್ ಹತ್ತಿರ ನೀಲಿಯೋ ಹಸಿರೋ ಸಿಲಿಂಡರ್ ಥರದ ಸಣ್ಣ ಬ್ಯಾಟರಿ ಇರುತ್ತೆ, 3.6 ವೋಲ್ಟ್. ನಿಕ್ಕಲ್ ಕ್ಯಾಡ್ಮಿಯಂ. ಇಷ್ಟು ವರ್ಷ ಅಟ್ಟದ ಮೇಲೆ ಇದ್ದರೆ ಸೋರಿರುತ್ತೆ. ಅದು ಕ್ಷಾರ, ತಾಮ್ರದ ಗೆರೆಗಳನ್ನು ತಿನ್ನುತ್ತಾ ಹೋಗುತ್ತೆ. ಹಸಿರು ನೀಲಿ ಬೂಷ್ಟು ಕಂಡರೆ ಅದೇ. ಬ್ಯಾಟರಿ ಕತ್ತರಿಸಿ ತೆಗೀರಿ. ವಿನೆಗರ್‌ನಲ್ಲಿ ಅದ್ದಿದ ಬ್ರಷ್‌ನಿಂದ ಉಜ್ಜಿ, ನೀರಲ್ಲಿ ತೊಳೆದು, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಒಣಗಿಸಿ. (ಮಾಸ್ತರ್ರೆ, ಈ ವಿನೆಗರ್ ಬೋರ್ಡಿಗೆ, ಪೆರಾಕ್ಸೈಡ್ ಜೊತೆ ಅಲ್ಲ!)

ಮಾನಿಟರ್ ಮಾತ್ರ ಬಿಚ್ಚಬೇಡಿ. ಪಿಕ್ಚರ್ ಟ್ಯೂಬಲ್ಲಿ ಪ್ಲಗ್ ತೆಗೆದ ಮೇಲೂ ಸಾವಿರಾರು ವೋಲ್ಟ್ ನಿಂತಿರಬಹುದು. ಟಿವಿ ರಿಪೇರಿಯವರಿಗೆ ಕೊಡಿ, ಡಿಸ್ಚಾರ್ಜ್ ಮಾಡಿ ಕೊಡ್ತಾರೆ.

ಬಿಸಿಲೂರು
ಬೆಸುಗೆ ಅಣ್ಣಾ, ನಿಮ್ಮ ಮಾತು ಓದಿ ಎದ್ದು ಹೋಗಿ ಡಬ್ಬಾ ಬಿಚ್ಚಿದೆ. ಬ್ಯಾಟರಿ ನೀಲಿ. ಎರಡೂ ತುದಿಗೆ ಬಿಳಿ ಹಿಟ್ಟಿನ ಥರ ಬೂಷ್ಟು ಬಂದಿದೆ. ಕೆಳಗಿನ ನಾಲ್ಕೈದು ಗೆರೆ ಕಪ್ಪಾಗಿವೆ, ಕೀಬೋರ್ಡ್ ಸಾಕೆಟ್ಟಿನ ಒಂದು ಕಾಲು ಹಸಿರು. ಕತ್ತರಿಸಿ ತೆಗೆದೆ.

ಬೆಸುಗೆ_ಬೀದರ್
ಬದುಕುತ್ತೆ. ಮಲ್ಟಿಮೀಟರ್ ಹಿಡಿದು ಕಪ್ಪಾದ ಗೆರೆಗಳನ್ನು ಒಂದೊಂದಾಗಿ ನೋಡಿ. ತುಂಡಾಗಿದ್ದರೆ ಸಣ್ಣ ತಂತಿ ಹಾಕಿ ಜೋಡಿಸಬಹುದು. ಬೀದರ್ ಕಡೆ ಬಂದರೆ ತಗೊಂಡು ಬನ್ನಿ, ಚಹಾ ಕುಡೀತಾ ಮಾಡೋಣ.

ಭೀಮಾತೀರ
ನನ್ನ ಹತ್ತಿರ ಬಿಬಿಸಿ ಮೈಕ್ರೋ ಅನ್ನೋ ಹಳೇ ಬ್ರಿಟಿಷ್ ಕಂಪ್ಯೂಟರ್ ಇದೆ. 1984ರಲ್ಲಿ ಶುರುವಾದ, ಮಕ್ಕಳಿಗೆ ಕಂಪ್ಯೂಟರ್ ಕಲಿಸೋ ಕ್ಲಾಸ್ (CLASS) ಯೋಜನೆಯಲ್ಲಿ ಶಾಲೆಗಳಿಗೆ ಕೊಟ್ಟಿದ್ದರಲ್ಲ, ಆ ಮಾದರಿ. ಗುಜರಿಯಲ್ಲಿ ಸಿಕ್ಕಿತು. ಅದಕ್ಕೂ ಇದೇ ಹಳದಿ ರೋಗ. ಪವರ್ ಆನ್ ಮಾಡಿ ನೋಡಲಾ?

ಬೆಸುಗೆ_ಬೀದರ್
ನಿಲ್ಲಿ ನಿಲ್ಲಿ! ಅದರ ಪವರ್ ಸಪ್ಲೈಯಲ್ಲಿ ರಿಫಾ ಅಂತ ಪಾರದರ್ಶಕ ಹಳದಿ ಕೆಪಾಸಿಟರ್ ಇರುತ್ತೆ. ಮೈಮೇಲೆ ಬಿರುಕು ಕಂಡರೆ ಒಳಗೆ ತೇವ ಹೋಗಿದೆ ಅಂತ ಲೆಕ್ಕ. ಕರೆಂಟ್ ಕೊಟ್ಟ ಸ್ವಲ್ಪ ಹೊತ್ತಿಗೆ ಢಬ್ ಅಂತ ಹೊಗೆ ಬಂದು ಮನೆಯೆಲ್ಲ ನಾರುತ್ತೆ. ಮೊದಲು ಅದನ್ನು ಬದಲಿಸಿ. ಎಕ್ಸ್2 ಕೆಪಾಸಿಟರ್ (ಮನೆ ಕರೆಂಟ್ ಲೈನಿಗೆ ಹಾಕೋ ಸುರಕ್ಷಿತ ಬಗೆ) ಅಂತ ಕೇಳಿ, ಬೇರೆ ಹಾಕಬೇಡಿ.

ಭೀಮಾತೀರ
ಬಿರುಕು ಇದೆ. ಒಂದಲ್ಲ, ಜೇಡರ ಬಲೆಯಷ್ಟು. ಸ್ವಿಚ್ ಹತ್ತಿರ ಕೈ ಇತ್ತು ಖರೇನೆ.

ಹುಬ್ಬಳ್ಳಿ_ಹೈದ
ಮತ್ತೆ ವಿಷಯಕ್ಕೆ ಬರೋಣ. ನಾನು 40 ವಾಲ್ಯೂಮ್ ಕ್ರೀಮ್ ಹಚ್ಚಿ, ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಸುತ್ತಿ ಬಿಸಿಲಿಗೆ ಇಡ್ತೀನಿ. ಒಂದು ಮಧ್ಯಾಹ್ನಕ್ಕೆ ಕೆಲಸ ಮುಗಿಯುತ್ತೆ. ಇಷ್ಟೆಲ್ಲ ಚರ್ಚೆ ಯಾಕೆ?

ಯಾದಗಿರಿ_ಗುಡ್ಡ
ಹುಬ್ಬಳ್ಳಿ ಬಿಸಿಲಿಗೆ ಮುಗಿಯುತ್ತೆ ಅಣ್ಣಾ. ನಮ್ಮ ಕಡೆ ಕ್ರೀಮ್ ಒಣಗೋಕೆ ಚಹಾ ಕುಡಿಯೋವಷ್ಟು ಹೊತ್ತೂ ಬೇಡ. ಒಣಗಿದ ಜಾಗ ಒಂದು ಬಣ್ಣ, ಹಸಿ ಇದ್ದ ಜಾಗ ಇನ್ನೊಂದು ಬಣ್ಣ. ಫಿಲ್ಮ್ ಸುಕ್ಕಾದ ಕಡೆಯೆಲ್ಲ ಗೆರೆ ಬೀಳುತ್ತೆ. ಆ ಮಚ್ಚೆ ಆಮೇಲೆ ಸುಲಭಕ್ಕೆ ಹೋಗಲ್ಲ. ಹಳದಿಯಾದ್ರೂ ಎಲ್ಲಾ ಕಡೆ ಒಂದೇ ಥರ ಇರುತ್ತೆ.

ಹುಬ್ಬಳ್ಳಿ_ಹೈದ
ಫಿಲ್ಮ್ ತೆಗೆದು ಆಗಾಗ ಬ್ರಷ್ ಆಡಿಸಬೇಕು, ಕ್ರೀಮ್ ಮತ್ತೆ ಹಚ್ಚಬೇಕು. ಬಿಟ್ಟು ಮಲಗಿದರೆ ಹಾಗೇ ಆಗೋದು.

ಯಾದಗಿರಿ_ಗುಡ್ಡ
43 ಡಿಗ್ರಿಯಲ್ಲಿ ಮಾಳಿಗೆ ಮೇಲೆ ನಿಂತು ಆಗಾಗ ಬ್ರಷ್ ಆಡಿಸೋಕೆ ನೀವೇ ಬನ್ನಿ. ರೊಟ್ಟಿ ಊಟ ನನ್ನ ಕಡೆಯಿಂದ.

ಕೆಮಿಸ್ಟ್ರಿ_ಮಾಸ್ತರ್
ನಮ್ಮ ಜಿಲ್ಲೆಗೆ ಅದ್ದುವ ವಿಧಾನವೇ ಒಳ್ಳೇದು. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಪೆರಾಕ್ಸೈಡ್ ಬೆರೆಸಿದ ನೀರು. 6% ಸಿಕ್ಕರೆ ಅರ್ಧಕ್ಕರ್ಧ ನೀರು ಸೇರಿಸಿದರೂ ಕೆಲಸ ಮಾಡುತ್ತೆ, ಹೊತ್ತು ಜಾಸ್ತಿ ಹಿಡಿಯುತ್ತೆ ಅಷ್ಟೇ. ವಸ್ತು ಪೂರ್ತಿ ಮುಳುಗಬೇಕು. ತೇಲಿದರೆ ನೀರಿನ ಮಟ್ಟದಲ್ಲಿ ಗೆರೆ ಮೂಡುತ್ತೆ. ಮೇಲೆ ಕೂರುವ ಗುಳ್ಳೆಗಳನ್ನು ಆಗಾಗ ಅಲ್ಲಾಡಿಸಿ ಬಿಡಿಸಿ. ಕಬ್ಬಿಣದ ಸ್ಕ್ರೂ, ಸ್ಪ್ರಿಂಗ್, ಸ್ಟಿಕ್ಕರ್, ರಬ್ಬರ್ ಕಾಲು ಎಲ್ಲಾ ಮೊದಲೇ ತೆಗೀರಿ. ಕಬ್ಬಿಣ ಇದ್ದರೆ ಪೆರಾಕ್ಸೈಡ್ ಸುಮ್ನೆ ಒಡೆದು ಹಾಳಾಗುತ್ತೆ.

ಇನ್ನೊಂದು. ಕಲಬುರಗಿ ಇರೋದು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ 9ರ ಸುಮಾರಿಗೆ ಮಧ್ಯಾಹ್ನ ಸೂರ್ಯ ನೇರ ನೆತ್ತಿಗೆ ಬರ್ತಾನೆ, ನಿಂತ ಕಂಬಕ್ಕೆ ನೆರಳೇ ಇರಲ್ಲ. ಈಗ ಬೀಳುವಷ್ಟು ನೇರಳಾತೀತ ಕಿರಣ ಚಳಿಗಾಲದಲ್ಲಿ ಬೀಳಲ್ಲ. ಆದರೆ ಈ ಕೆಲಸಕ್ಕೆ ಬೇಕಾಗಿರೋದು ಬೆಳಕು, ಈ ಪರಿ ಕಾವಲ್ಲ. ಈಗಲೇ ಮಾಡಬೇಕು ಅಂದರೆ ಬೆಳಿಗ್ಗೆ ಇಟ್ಟು ಹನ್ನೊಂದಕ್ಕೆ ತೆಗೀರಿ. ತಾಳ್ಮೆ ಇದ್ದರೆ ಎಳ್ಳಮಾವಾಸ್ಯೆ ಹೊತ್ತಿಗೆ ಮಾಡಿ. ಮೋಡ ಇರಲ್ಲ, ಬಿಸಿಲು ಹಿತವಾಗಿರುತ್ತೆ.

ಸುಮ್ನೆ_ಓದುಗ
ಎಳ್ಳಮಾವಾಸ್ಯೆ ದಿನ ಹೊಲದಲ್ಲಿ ಭಜ್ಜಿ, ಸಜ್ಜಿ ರೊಟ್ಟಿ ತಿನ್ನೋದು ಬಿಟ್ಟು ಕಂಪ್ಯೂಟರ್ ನೀರಲ್ಲಿ ಅದ್ದೋರು ಯಾರ್ರೀ?

ಪಾರ್ಲರ್_ಅಕ್ಕ
ಭಜ್ಜಿ ಹೆಸರು ತೆಗೀಬೇಡಿ, ಇನ್ನೂ ಏಳು ತಿಂಗಳಿದೆ.

ವಾಡಿ_ಜಂಕ್ಷನ್
ಬಿಸಿಲೇ ಯಾಕೆ ಬೇಕು? ನಮ್ಮ ಹಳೇ ವಾಟರ್ ಪ್ಯೂರಿಫೈಯರ್‌ದು ಯುವಿ (ನೇರಳಾತೀತ) ಟ್ಯೂಬ್ ಇದೆ. ಡಬ್ಬಿಯೊಳಗೆ ಹಾಕಿ ರಾತ್ರಿಯೆಲ್ಲ ಬಿಟ್ಟರೆ?

ಕೆಮಿಸ್ಟ್ರಿ_ಮಾಸ್ತರ್
ಆ ಟ್ಯೂಬ್ ಹೊರಗೆ ತೆಗೆದು ಹಚ್ಚಲೇಬಾರದು. ಅದು ಯುವಿ-ಸಿ, 254 ನ್ಯಾನೋಮೀಟರ್, ಕ್ರಿಮಿ ಕೊಲ್ಲೋಕೆ ಇರೋದು. ಕಣ್ಣಿಗೆ ಮರಳು ಹಾಕಿದ ಹಾಗೆ ಆಗುತ್ತೆ, ಚರ್ಮ ಸುಡುತ್ತೆ, ಪ್ಲಾಸ್ಟಿಕ್ಕೂ ಹಾಳು. ಮನೆಯೊಳಗೆ ಮಾಡೋರು 395 ನ್ಯಾನೋಮೀಟರ್ ಎಲ್‌ಇಡಿ ಪಟ್ಟಿ ಹಾಕ್ತಾರೆ. ಆ ಟ್ಯೂಬನ್ನು ಎತ್ತಿ ಒಳಗಿಡಿ.

ಡಿಟಿಪಿ_ಕಾಕಾ
ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ ತಮ್ಮಾ. ಆ ಕಾಲದಲ್ಲಿ ನನ್ನದೂ ಡಿಟಿಪಿ ಅಂಗಡಿ ಇತ್ತು, ಸ್ಟೇಷನ್ ರೋಡಲ್ಲಿ. ಈ ಡಬ್ಬಾಗಳು ಹೊಸದಿದ್ದಾಗಲೂ ಬೆಳ್ಳಗೆ ಇರಲಿಲ್ಲ. ಕೆನೆ ಬಣ್ಣವೇ ಇತ್ತು. ನೀವು ಹುಡುಗರು ಮೊಲದಷ್ಟು ಬೆಳ್ಳಗೆ ಮಾಡಿ "ಹೊಸದರ ಹಾಗೆ ಆಯ್ತು" ಅಂತೀರಿ. ಹೊಸದು ಹಾಗಿರಲೇ ಇಲ್ಲ.

ಮುಂದಿನ ಚೌಕಟ್ಟು ಪ್ಲಾಸ್ಟಿಕ್ಕು, ಸುತ್ತಲಿನ ಕವಚ ಬಣ್ಣ ಬಳಿದ ತಗಡು. ಪ್ಲಾಸ್ಟಿಕ್ ಜಾಸ್ತಿ ಬೆಳ್ಳಗೆ ಮಾಡಿದರೆ ತಗಡಿಗೆ ಹೊಂದಲ್ಲ, ಕಟ್ಟಿಸಿದ ಹಲ್ಲಿನ ಹಾಗೆ ಎದ್ದು ಕಾಣುತ್ತೆ. ಚೌಕಟ್ಟಿನ ಒಳಮೈ ನೋಡು. ಬೆಳಕು ಬೀಳದ ಜಾಗದಲ್ಲಿ ಹಳೇ ಬಣ್ಣ ಇರುತ್ತೆ. ಅಲ್ಲಿಗೆ ನಿಲ್ಲಿಸು.

ಕೀಬೋರ್ಡ್ ಮೇಲೆ ಕನ್ನಡ ಅಕ್ಷರದ ಸ್ಟಿಕ್ಕರ್ ಇದ್ದರೆ ಕೀಳಬೇಡ. ಈಗ ಕೆ.ಪಿ. ರಾವ್ ಮಾಡಿದ ಕನ್ನಡ ಕೀಲಿ ವಿನ್ಯಾಸವೇ ಎಲ್ಲರಿಗೂ ರೂಢಿ. ಆಗ ಒಂದೊಂದು ಸಾಫ್ಟ್‌ವೇರಿಗೆ ಒಂದೊಂದು ಕೀಲಿ ಜೋಡಣೆ. ಅಂಗಡಿ ಬದಲಾಯಿಸಿದ ಟೈಪಿಸ್ಟ್ ಬೆರಳು ಮತ್ತೆ ಪಳಗಿಸಬೇಕಿತ್ತು. ನಿನ್ನ ಕಾಕಾ ಯಾವ ಜೋಡಣೆಯಲ್ಲಿ ಕೆಲಸ ಮಾಡುತ್ತಿದ್ದರು ಅಂತ ಈಗ ಹೇಳೋದು ಆ ಸ್ಟಿಕ್ಕರ್ ಮಾತ್ರ.

ಬಿಸಿಲೂರು
ಸ್ಟಿಕ್ಕರ್ ಇವೆ ಕಾಕಾ. ಅರ್ಧ ಅಳಿಸಿವೆ. "ಕ", "ಗ", "ತ" ಕೀಲಿ ಮೇಲಂತೂ ಬರೀ ಅಂಟು ಉಳಿದಿದೆ. ಮುಂದಿನ ಚೌಕಟ್ಟಿನ ಮೇಲೆ ಅಂಗಡಿ ಹೆಸರಿನ ಚೀಟಿಯೂ ಇದೆ, ಊರಿನ ಹೆಸರು "ಗುಲಬರ್ಗಾ" ಅಂತ.

ಹುಬ್ಬಳ್ಳಿ_ಹೈದ
ಚೀಟಿ ಕೀಳದೆ ಅದ್ದಿದರೆ ಅದರ ಕೆಳಗೆ ಹಳದಿ ಚೌಕ ಉಳಿಯುತ್ತೆ. ಹೇರ್ ಡ್ರೈಯರ್ ಹಿಡಿದು ಮೆಲ್ಲಗೆ ಬಿಡಿಸಿ, ಫೋಟೋ ತೆಗೆದಿಡಿ, ಕೆಲಸ ಆದಮೇಲೆ ಮತ್ತೆ ಅಂಟಿಸಿ. ಇದರಲ್ಲಿ ಭಾವುಕರಾಗೋದು ಏನಿದೆ?

ಡಿಟಿಪಿ_ಕಾಕಾ
ಹಳೇ ಕಾಗದದ ಚೀಟಿ ಬಿಸಿ ಹಿಡಿದರೆ ಇಡಿಯಾಗಿ ಬರುತ್ತೆ ಅಂತ ಯಾರು ಹೇಳಿದರು? 2014ರಲ್ಲಿ ಊರಿಗೆ ಕಲಬುರಗಿ ಅಂತ ಹೆಸರು ಬಂತು. ಗುಲಬರ್ಗಾ ಅಂತ ಅಚ್ಚಾದ ಅಂಗಡಿ ಚೀಟಿ ಇನ್ನು ಯಾರೂ ಮಾಡಿಸಲ್ಲ. ಹಾಳಾದರೆ ಎಲ್ಲಿಂದ ತರ್ತೀಯ?

ಹುಬ್ಬಳ್ಳಿ_ಹೈದ
ಸ್ಕ್ಯಾನ್ ಮಾಡಿ ಪ್ರಿಂಟ್ ಹಾಕಿಸಬಹುದಲ್ಲ ಕಾಕಾ. ನೀವೇ ಡಿಟಿಪಿಯವರು 🙂

ಡಿಟಿಪಿ_ಕಾಕಾ
ಹಾಗೆ ಮಾಡಿದ್ದಕ್ಕೆ ನಕಲು ಅಂತಾರೆ. ನಕಲು ಮಾಡಿ ಮಾಡಿ ಸಾಕಾಗಿಯೇ ಅಂಗಡಿ ಮುಚ್ಚಿದ್ದು.

ಬೆಸುಗೆ_ಬೀದರ್
ನೀವು ಬೆಳ್ಳಗೆ ಮಾಡೋಕೆ ಇಷ್ಟು ಒದ್ದಾಡ್ತೀರಿ, ನಮ್ಮೂರಲ್ಲಿ ಕಪ್ಪು ಮಾಡಿ ಬದುಕ್ತಾರೆ. ಬಿದ್ರಿ ಕೆಲಸ ನೋಡಿದ್ದೀರಾ? ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಬೀದರ್ ಕೋಟೆ ಮಣ್ಣು, ನವಸಾಗರ ಕಲಸಿದ ನೀರಲ್ಲಿ ಹಾಕ್ತಾರೆ. ಲೋಹ ಕಪ್ಪಾಗುತ್ತೆ, ಬೆಳ್ಳಿ ಹಾಗೇ ಹೊಳೆಯುತ್ತೆ. ಯಾವುದಕ್ಕೆ ಎಷ್ಟು ಹೊತ್ತು ಅನ್ನೋದು ಪೂರ್ತಿ ಕೈಹಿಡಿತ.

ವಾಡಿ_ಜಂಕ್ಷನ್
ಹಾಗಾದ್ರೆ 486ಗೆ ಬಿದ್ರಿ ಮಾಡಿಸಿಬಿಡಿ, ಹಳದಿ ಸಮಸ್ಯೆಯೇ ಇಲ್ಲ.

ನಿರ್ವಾಹಕರು
ವಿಷಯಕ್ಕೆ ಬನ್ನಿ. (ಬಿದ್ರಿ 486 ಆದರೆ ಫೋಟೋ ಹಾಕಿ.)

ಭೀಮಾತೀರ
ಪೆರಾಕ್ಸೈಡೇ ಬೇಡ, ಬರೀ ಬಿಸಿಲು ಸಾಕು ಅಂತಲೂ ಕೆಲವರು ಹೇಳ್ತಾರಲ್ಲ? ಬಿಸಿಲಿಂದಲೇ ಹಳದಿ ಆಗೋದು, ಬಿಸಿಲಿಂದಲೇ ಹೋಗೋದು ಅಂದರೆ ನಂಬೋದು ಹೇಗೆ?

ಕೆಮಿಸ್ಟ್ರಿ_ಮಾಸ್ತರ್
ವಿಚಿತ್ರ ಅನಿಸಿದರೂ ನಿಜ. ಹಳದಿ ಕಾಣುವ ವಸ್ತು ನೀಲಿ ಬೆಳಕನ್ನು ಹೀರಿಕೊಳ್ಳುತ್ತೆ, ಅದಕ್ಕೇ ಅದು ಹಳದಿ. ಹೀರಿಕೊಂಡ ಆ ಬೆಳಕೇ ಅದನ್ನು ಮುರಿಯಲೂಬಹುದು. ಆಗಲೇ ತುಂಬಾ ಹಳದಿಯಾದ ಪ್ಲಾಸ್ಟಿಕ್ ಬರೀ ಬಿಸಿಲಲ್ಲೂ ತಿಳಿಯಾಗುತ್ತೆ, ನಿಧಾನ ಅಷ್ಟೇ. ಬಿಸಿಲೂರು, ನಿಮ್ಮ ಹತ್ತಿರ ಬೇಡದ ತುಂಡು ಏನಾದ್ರೂ ಇದೆಯಾ? ಮೊದಲು ಅದರ ಮೇಲೆ ಮಾಡಿ ನೋಡಿ.

ಬಿಸಿಲೂರು
ಮಾಡಿದೆ ಸರ್. ಡ್ರೈವ್ ಇಲ್ಲದ ಖಾನೆ ಮುಚ್ಚೋಕೆ ಒಂದು ಪಟ್ಟಿ ಇರುತ್ತಲ್ಲ, ಕೈಯಗಲದ್ದು, ಅದನ್ನೇ ತಗೊಂಡೆ. ಅರ್ಧಕ್ಕೆ ರೊಟ್ಟಿ ಸುತ್ತೋ ಅಲ್ಯೂಮಿನಿಯಂ ಫಾಯಿಲ್ ಸುತ್ತಿದೆ, ಅರ್ಧ ಹಾಗೇ ಬಿಟ್ಟೆ. ಪೆರಾಕ್ಸೈಡ್ ಇಲ್ಲ, ಏನೂ ಇಲ್ಲ. ಹೊರಸಿನ ಮೇಲೆ ಬೆಳಿಗ್ಗೆ ಇಟ್ಟು ಹನ್ನೊಂದಕ್ಕೆ ತೆಗೆಯುತ್ತಾ ಬಂದೆ. ಮೊದಲ ವಾರ ಏನೂ ಕಾಣಲಿಲ್ಲ. ಇವತ್ತು ಫಾಯಿಲ್ ಬಿಚ್ಚಿದರೆ ನಡುವೆ ಗೆರೆ ಎಳೆದಂತೆ ಕಾಣ್ತಿದೆ. ತೆರೆದ ಅರ್ಧ ತಿಳಿಯಾಗಿದೆ. ಪೂರ್ತಿ ಕೆನೆ ಬಣ್ಣಕ್ಕೆ ಬಂದಿಲ್ಲ, ಆದರೆ ಫ್ಲಾಪಿ ಡ್ರೈವ್ ಪಕ್ಕ ಹಿಡಿದರೆ ಹತ್ತಿರ ಬಂದಿದೆ. ಪಟ್ಟಿ ಡೊಂಕಾಗಿಲ್ಲ, ಖಾನೆಗೆ ಬರೋಬ್ಬರಿ ಕೂತಿತು.

ಯಾದಗಿರಿ_ಗುಡ್ಡ
ಕಲ್ಲು ಹೇರಲಿಲ್ಲವಲ್ಲ, ಅದೇ ಕಾರಣ.

ಹುಬ್ಬಳ್ಳಿ_ಹೈದ
ವಾರಗಟ್ಟಲೆ ಕಾಯೋದು! ನಾನು ಇಷ್ಟರಲ್ಲಿ ಹತ್ತು ಕೀಬೋರ್ಡ್ ಮುಗಿಸ್ತಿದ್ದೆ. ಮತ್ತೆ ಒಂದು ಮಾತು, ಯಾವ ವಿಧಾನ ಮಾಡಿದರೂ ಕೆಲವು ವರ್ಷಕ್ಕೆ ಹಳದಿ ಮತ್ತೆ ಬರಬಹುದು.

ಕೆಮಿಸ್ಟ್ರಿ_ಮಾಸ್ತರ್
ಹೌದು, ಬರಬಹುದು. ಅದಕ್ಕೇ ಕಡಿಮೆ ರಾಸಾಯನಿಕದಲ್ಲಿ ಆದಷ್ಟು ಮಾಡೋದು ಮೇಲು. ಜಾಸ್ತಿ ಹೊತ್ತು, ಜಾಸ್ತಿ ಸ್ಟ್ರಾಂಗ್ ಪೆರಾಕ್ಸೈಡ್ ಆದರೆ ಮೇಲ್ಮೈ ಸುಣ್ಣದ ಹಾಗೆ ಮಂಕಾಗುತ್ತೆ. ಅದಕ್ಕೆ ಮದ್ದಿಲ್ಲ.

ಬಿಸಿಲೂರು
ನಾನು ನಿರ್ಧಾರ ಮಾಡಿದ್ದು ಹೀಗೆ. ಸಿಡಿ ಡ್ರೈವ್ ಮುಖ ಒಂದನ್ನೇ ಬಿಚ್ಚಿ 6% ಪೆರಾಕ್ಸೈಡಲ್ಲಿ ಅದ್ದುತ್ತೀನಿ, ಅದು ಸಣ್ಣದು, ಬಾಟಲಿ ಜಾಸ್ತಿ ಬೇಡ. ಚೀಟಿ ಇರೋ ಚೌಕಟ್ಟಿಗೆ ಏನೂ ಮಾಡಲ್ಲ, ಬರೀ ಸೋಪು ನೀರಲ್ಲಿ ಒರೆಸ್ತೀನಿ. ಸ್ಟಿಕ್ಕರ್ ಕೀಳಲ್ಲ ಕಾಕಾ.

ಡಿಟಿಪಿ_ಕಾಕಾ
ಚಲೋ ಆಯ್ತು. ಹಾರ್ಡ್ ಡಿಸ್ಕ್ ತಿರುಗುತ್ತಾ ನೋಡು. ಹಳೇ ಲಗ್ನಪತ್ರಿಕೆ ಫೈಲುಗಳು ಇದ್ದರೂ ಇರಬಹುದು. ಆ ಫಾಂಟ್ ಈಗ ತೆರೆಯಲ್ಲ, ತೆರೆದರೆ ಬರೀ ಚಿತ್ರವಿಚಿತ್ರ ಅಕ್ಷರ ಕಾಣ್ತವೆ. ಡಿಸ್ಕ್ ಫಾರ್ಮ್ಯಾಟ್ ಮಾಡಬೇಡ, ಫಾಂಟ್ ಅದರೊಳಗೇ ಇರುತ್ತೆ.

ಭೀಮಾತೀರ
ಕಾಕಾ, ಆ ಹಳೇ ಫಾಂಟಿನ ಫೈಲನ್ನು ಯೂನಿಕೋಡ್‌ಗೆ ಬದಲಿಸೋಕೆ ಏನಾದ್ರೂ ದಾರಿ ಇದೆಯಾ? ನಮ್ಮ ಅಜ್ಜನ ಭಜನೆ ಹಾಡುಗಳು ಹಾಗೇ ಸಿಕ್ಕಿಹಾಕಿಕೊಂಡಿವೆ.

ಡಿಟಿಪಿ_ಕಾಕಾ
ಯಾವ ಸಾಫ್ಟ್‌ವೇರಲ್ಲಿ ಮಾಡಿದ್ದು ಅಂತ ಹೇಳಪ್ಪ ಮೊದಲು. ಫೈಲ್ ಹೆಸರಿನ ಕೊನೇ ಮೂರು ಅಕ್ಷರ ಏನಿದೆ?

ನಿರ್ವಾಹಕರು
ಇದಕ್ಕೆ ಬೇರೆ ಎಳೆ ತೆರೆಯಿರಿ. ಇಲ್ಲಿ ಪ್ಲಾಸ್ಟಿಕ್ ಮಾತ್ರ.

ವಾಡಿ_ಜಂಕ್ಷನ್
ಪ್ಲಾಸ್ಟಿಕ್ ಬಗ್ಗೆಯೇ ಕೇಳ್ತೀನಿ: ಕೂಲರ್ ಬಾಡಿಗೂ ಇದೇ ಪೆರಾಕ್ಸೈಡ್ ನಡೆಯುತ್ತಾ? ಮನೆಯಲ್ಲಿ ಬೈತಿದ್ದಾರೆ.